ಹೊನ್ನಕ್ಕನೂ ದುಂಡನೆಯ ಯಂತ್ರವೂ

ಹೊಳಲ್ಕೆರೆಯ ಶೋಭಾರಾಣಿ ಮೇಡಂ ಮನೆಯಲ್ಲಿ ಹೊನ್ನಕ್ಕ ಹನ್ನೊಂದು ವರ್ಷದಿಂದ ಕಸ ಗುಡಿಸುತ್ತಿದ್ದಳು. ಮಂಚದಡಿ ಬಿದ್ದ ಓಲೆಯ ತಿರುಪನ್ನೂ ಬಿಡದೆ ಹುಡುಕಿ ಕೊಡುವ ಕೈ ಅವಳದು. ಅಂಥವಳ ಎದುರಿಗೆ 2006ರ ದಸರೆಗೆ ಮೇಡಮ್ಮನವರ ತಮ್ಮ ದುಬೈನಿಂದ ಒಂದು ಯಂತ್ರ ತಂದಿಟ್ಟ. ರೊಟ್ಟಿ ಹೆಂಚಿನಷ್ಟಗಲ, ತಾನೇ ಓಡಾಡಿ ಕಸ ಎಳೆದುಕೊಳ್ಳುತ್ತಿತ್ತು. ಹೊನ್ನಕ್ಕ ಪೊರಕೆ ಹಿಡಿದು ಗೋಡೆಗೊರಗಿ ನೋಡಿದಳು. ಇನ್ನು ತನ್ನ ಕೆಲಸ ಹೋದಂತೆಯೇ ಎಂದು ಅವಳಿಗೆ ಜೀವವೇ ಹಾರಿತು.

ಆಯುಧಪೂಜೆ ಕಳೆದ ಮೂರನೆಯ ದಿನ ಯಂತ್ರ ಗಪ್‌ಚಿಪ್. ಎಷ್ಟು ಗುಂಡಿ ಒತ್ತಿದರೂ ದೀಪವಿಲ್ಲ, ಸದ್ದಿಲ್ಲ.

"ನಿಂಗೆ ಅದನ್ನ ಕಂಡ್ರೆ ಆಗಲ್ಲ, ನೀನೇ ಏನೋ ಮಾಡಿದೀಯ" ಎಂದರು ಮೇಡಂ. "ರಿಪೇರಿಯವ್ರು ಬರ್ಲಿ. ನಿನ್ ಕೈಕೆಲ್ಸ ಅಂತ ಗೊತ್ತಾದ್ರೆ ನಾಳೆಯಿಂದ ಬರಬ್ಯಾಡ."

ಅವಳ ಗ್ರಹಚಾರ ನೋಡಿ. ಅದು ಓಡಿದರೂ ಕೆಲಸ ಹೋಗುತ್ತದೆ, ಓಡದಿದ್ದರೂ ಹೋಗುತ್ತದೆ.

ಮಿಕ್ಸಿ ರಿಪೇರಿಯ ಗೋವಿಂದಯ್ಯ ಬಂದ. ಇಂಥದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಹಾಗಂತ ಒಪ್ಪಿಕೊಳ್ಳುವ ಆಸಾಮಿಯೂ ಅಲ್ಲ. ಪ್ಲಗ್ಗಿಗೆ ಟೆಸ್ಟರ್ ಇಟ್ಟ, ಕರೆಂಟ್ ಇತ್ತು. ಯಂತ್ರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ, ಬೆನ್ನಿಗೆ ಎರಡು ಗುದ್ದಿದ. "ಇದರ ಬ್ಯಾಟ್ರಿ ಕರೆಂಟ್ ಕುಡೀತಿಲ್ಲ ಮೇಡಂ" ಎಂದು ಬೋರಲು ಹಾಕಿದ. ಹೊಟ್ಟೆಯಡಿ ಎರಡು ತಗಡಿನ ಬಿಲ್ಲೆಗಳಿದ್ದವು. ಯಂತ್ರವನ್ನು ಕೂರಿಸುವ ಚಾರ್ಜಿನ ಪೀಠಕ್ಕೆ ಅವು ತಾಗಿದರೆ ಮಾತ್ರ ಕರೆಂಟ್ ಒಳಗೆ ಹೋಗುವುದು. ಎರಡರ ಮೇಲೂ ಗಂಧ, ಅದರ ನಡುವೆ ಕುಂಕುಮ, ದಪ್ಪಗೆ ಒಣಗಿ ಕೂತಿತ್ತು.

"ಏನವ್ವ ಇದು?" ಎಂದ ಗೋವಿಂದಯ್ಯ, ಉಗುರಲ್ಲಿ ಕೆರೆಯುತ್ತಾ.

ಹೊನ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಕಾರಿನ ಗಾಲಿಗೆ ಹಚ್ತಾರಲ್ರಿ, ಹಂಗೇ ಇದಕ್ಕೂ ಹಚ್ಚಿದೆ. ಅವೆರಡು ಫಳಫಳ ಅಂತಿದ್ವು, ಪಾದ ಅನ್ಕಂಡೆ."

"ಇದಕ್ಕೂ ಪೂಜೆ ಮಾಡು ಅಂತ ಯಾರು ಹೇಳಿದ್ರು ನಿಂಗೆ?" ಎಂದರು ಮೇಡಂ.

"ಯಾರೂ ಇಲ್ರಿ ಮೇಡಂ. ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡಪ್ಪ ಅಂತ ನಾನೇ ಪಾದ ಮುಟ್ಟಿ ಬೇಡ್ಕಂಡೆ."

ಮೇಡಮ್ಮನವರಿಗೆ ಬಂದ ನಗು ಅರ್ಧಕ್ಕೇ ನಿಂತಿತು. ಗೋವಿಂದಯ್ಯ ಬಿಲ್ಲೆಗಳನ್ನು ಒರೆಸಿ ಪೀಠದ ಮೇಲೆ ಕೂರಿಸಿದ. ದೀಪ ಹತ್ತಿತು. ಗಂಟೆ ಕಳೆಯುವುದರೊಳಗೆ ಯಂತ್ರ ಗುಂಯ್ ಎಂದು ಪಡಸಾಲೆಗೆ ಹೊರಟಿತು.

ಹೊನ್ನಕ್ಕ ಪೊರಕೆಯನ್ನು ಬಾಗಿಲ ಹಿಂದೆ ಇಟ್ಟಳು. "ಬರ್ತೀನ್ರಿ ಮೇಡಂ" ಎಂದಾಗ ಅವಳ ಕಣ್ಣು ತುಂಬಿತ್ತು.

ಮೇಡಂ ಬಗ್ಗಿ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿದರು.

"ಎಲ್ಲಿಗೆ ಹೋಗ್ತೀಯ? ನೀನು ಬೇಡ್ಕಂಡಿದ್ದಕ್ಕೆ ಅದು ಮೂರು ದಿನ ಉಪವಾಸ ಬಿತ್ತು. ನಾನೇನು ಅದಕ್ಕಿಂತ ಕಡೆನಾ? ನಡಿ, ಪಡಸಾಲೆ ಗುಡ್ಸು."