ಕನ್ನಡಿ ಮಾಮನೂ ಸೈಕಲ್ ದಾರಿಯೂ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವ ಕಾಲದಲ್ಲೋ ಗಾಜು ಜಾರಿ ಆದ ಗಾಯವಂತೆ. ಅದೇ ಬೆರಳನ್ನು ಗಾಜಿನ ಅಂಚಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಗಾಜು ಕೊಯ್ಯುವ ವಜ್ರದ ಕಡ್ಡಿಯಿಂದ ಒಂದೇ ಒಂದು ಗೆರೆ ಎಳೆಯುತ್ತಿದ್ದರು. ಕಿರ್ ಎಂದು ಸದ್ದು. ಆಮೇಲೆ ಮೇಜಿನ ಅಂಚಿಗಿಟ್ಟು ಮೆಲ್ಲಗೆ ತಟ್ಟಿದರೆ ಗಾಜು ಎರಡು ತುಂಡು. ಕುಮಟಾದ ಹಳೇ ಪೇಟೆಯಲ್ಲಿ ಕನ್ನಡಿ ಮಾರುವ, ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅವರದು. ಪೇಟೆಯವರೆಲ್ಲ ಕನ್ನಡಿ ಮಾಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅವರು ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಇದೆಂಥ ವ್ಯಾಪಾರಿ ಎಂದು ಹೊಸಬರಿಗೆ ಅನಿಸಬೇಕು. ಆದರೆ ಅವರೆದುರಿನ ಗೋಡೆಯ ತುಂಬ ಮಾರಾಟದ ಕನ್ನಡಿಗಳು ತೂಗುತ್ತಿದ್ದವು. ಬೀದಿಯಲ್ಲಿ ಯಾರು ಬಂದರು, ಯಾರು ಹೋದರು, ಯಾರು ಯಾರ ಕಿವಿಯಲ್ಲಿ ಪಿಸುಗುಟ್ಟಿದರು ಎಲ್ಲವೂ ಅವುಗಳಲ್ಲಿ ಕಾಣುತ್ತಿತ್ತು. "ಎದುರು ಕೂತ್ರೆ ಜನ ಮುಖ ಸರಿ ಮಾಡ್ಕಂಡು ಬರ್ತಾರೆ ತಂಗಿ. ಬೆನ್ನು ಹಾಕಿ ಕೂತ್ರೆ ಇದ್ದಂಗೇ ಬರ್ತಾರೆ" ಎಂದು ಒಮ್ಮೆ ಹೇಳಿದ್ದರು.

ಸಂಶಯ ಅವರಿಗೆ ಉಸಿರಾಟದ ಹಾಗಿತ್ತು. ಅಂಚೆಯಲ್ಲಿ ಪತ್ರ ಬಂದರೆ ಮೊದಲು ಅಂಟಿಸಿದ ಜಾಗವನ್ನು ತಿರುಗಿಸಿ ನೋಡುವರು. ಯಾರಾದರೂ ಮದುವೆಗೆ ಕರೆದರೆ, "ಹತ್ತು ವರ್ಷ ಮಾತಾಡದವ ಈಗ ಎಂತಕ್ಕೆ ಕರೆದ?" ಎನ್ನುವರು. ಮದುವೆಗೆ ಹೋಗುವರು, ಉಂಡು ಬರುವರು, ಬಂದ ಮೇಲೂ ಅದನ್ನೇ ಯೋಚಿಸುವರು.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹಿರೇಗುತ್ತಿಯಿಂದ ದಿನವೂ ಬಸ್ಸಿನಲ್ಲಿ ಬಂದು ಒಂದು ಖಾಸಗಿ ಸರ್ವೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಅಳೆಯುವುದು, ಪುಸ್ತಕದಲ್ಲಿ ಬರೆಯುವುದು, ನಕ್ಷೆಯ ಮೇಲೆ ಗೆರೆ ಎಳೆಯುವುದು ಇಷ್ಟೇ ನನ್ನ ಕೆಲಸ. ಹಳೇ ಪೇಟೆಯ ಬೀದಿಯಲ್ಲಿ ಸೈಕಲ್ಲಿಗೇ ಒಂದು ಪ್ರತ್ಯೇಕ ದಾರಿ ಮಾಡುತ್ತಾರೆ, ಅದರ ನಕ್ಷೆ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂದಿದೆ ಎಂದು ಯಜಮಾನರು ಹೇಳಿ ನನ್ನನ್ನು ಟೇಪು, ಸೀಮೆಸುಣ್ಣದ ಕಡ್ಡಿ ಕೊಟ್ಟು ಕಳಿಸಿದರು.

ಮಾಮನ ಅಂಗಡಿಯ ಮುಂದೆ ಬಗ್ಗಿ ಗುರುತು ಹಾಕುತ್ತಿದ್ದಾಗ ಒಳಗಿಂದ ದನಿ ಬಂತು. ಅವರು ತಿರುಗಿರಲಿಲ್ಲ.

"ನನ್ನ ಮೆಟ್ಲ ಮೇಲೆ ಎಂತ ಬರೀತಿದ್ಯೆ?"

"ಸೈಕಲ್ ದಾರಿಗೆ ಅಳತೆ, ಮಾಮ."

"ಸೈಕಲ್ಲಿಗೆ ದಾರಿ ಬೇಕು ಅಂತ ಯಾರು ಹೇಳಿದ್ರು? ಸೈಕಲ್ ಹೇಳ್ತಾ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಎದ್ದು ಬಂದು ಒದ್ದೆ ಬಟ್ಟೆಯಿಂದ ನನ್ನ ಗುರುತನ್ನು ಒರೆಸಿ, ತಮ್ಮ ಮಡಿಚುವ ಮರದ ಅಳತೆಕೋಲನ್ನು ತಂದು ಗಟಾರದಿಂದ ಗಟಾರಕ್ಕೆ ತಾವೇ ಅಳೆದರು. ಒಂದು ಸಲವಲ್ಲ, ಮೂರು ಸಲ. "ಹದಿನಾರಡಿ. ಬರ್ಕೊ" ಎಂದರು. ನನ್ನ ಪುಸ್ತಕದಲ್ಲೂ ಅದೇ ಇತ್ತು. ಅದನ್ನು ನೋಡಿ ಅವರಿಗೆ ಸಮಾಧಾನವಾಗಲಿಲ್ಲ. ಸಂಶಯ ಇನ್ನಷ್ಟು ಹೆಚ್ಚಿದಂತೆ ಕಂಡಿತು.

ವಾರದೊಳಗೆ ಪೇಟೆ ಹೊತ್ತಿಕೊಂಡಿತು. ಸೈಕಲ್ ಒಂದು ನೆಪ, ಮುಂದೆ ಅಂಗಡಿ ಒಡೆಯುತ್ತಾರೆ ಎಂದು ಬಟ್ಟೆ ಅಂಗಡಿಯವರು. ಗಿರಾಕಿಗಳು ಗಾಡಿ ನಿಲ್ಲಿಸುವುದೆಲ್ಲಿ ಎಂದು ಕಿರಾಣಿಯವರು. ಸಹಿ ಸಂಗ್ರಹವಾಯಿತು, ಒಂದು ದಿನ ಮಧ್ಯಾಹ್ನದವರೆಗೆ ಬಾಗಿಲುಗಳು ಮುಚ್ಚಿದವು. ಇದನ್ನೆಲ್ಲ ಶುರು ಮಾಡಿದವರು ಯಾರು ಎಂಬ ಪ್ರಶ್ನೆಗೆ ಒಂದು ಹೆಸರೂ ಸಿಕ್ಕಿತು: ಅಕ್ಕೋರು, ಹೈಸ್ಕೂಲಿನಲ್ಲಿ ಪಾಠ ಮಾಡುವ ಟೀಚರು. ಅವರ ತರಗತಿಯ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಶಾಲೆಗೆ ಬರುವಾಗ ಸಾಮಾನಿಳಿಸುತ್ತಿದ್ದ ಟೆಂಪೋ ಹಿಂದಕ್ಕೆ ಬಂದು ಹೊಡೆದು ಕಾಲು ಮುರಿದಿತ್ತು. ಆಮೇಲೆ ಅಕ್ಕೋರು ಒಂದು ಮನವಿ ಬರೆದಿದ್ದರು. ಮನವಿಯಲ್ಲಿ ಏನಿತ್ತೆಂದು ಪೇಟೆಯಲ್ಲಿ ಯಾರೂ ಓದಿರಲಿಲ್ಲ.

"ಬರೇ ಒಬ್ರು ಟೀಚರು ಇಷ್ಟು ದೊಡ್ಡ ಕೆಲಸ ಮಾಡೂಕೆ ಆಗೂದಿಲ್ಲ. ಅವರ ಹಿಂದೆ ಯಾರೋ ಇದ್ದಾರೆ" ಎಂದು ಚಹಾದಂಗಡಿಯಲ್ಲಿ ಹತ್ತು ಜನರೆದುರು ಹೇಳಿದವರು ಕನ್ನಡಿ ಮಾಮ. ಅವರ ಬಾಯಿಂದ ಬಂದ ಮಾತಿಗೆ ಪೇಟೆಯಲ್ಲಿ ತೂಕವಿತ್ತು. ಮೂರು ದಿನದಲ್ಲಿ ಅದು ಯಾರೋ ಇದ್ದಾರೆ ಎಂಬುದರಿಂದ ಇಂಥವರೇ ಇದ್ದಾರೆ ಎಂಬಲ್ಲಿಗೆ ಬೆಳೆಯಿತು. ಅಕ್ಕೋರು ಅದೇ ಬೀದಿಯ ಮಾಳಿಗೆಯ ಮೇಲೆ ಬಾಡಿಗೆಗಿದ್ದರು. ತಿಂಗಳೊಳಗೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿದರು. ಅಕ್ಕೋರು ಸಾಮಾನು ಕಟ್ಟಿಕೊಂಡು ಹೊನ್ನಾವರದ ತಂಗಿಯ ಮನೆಗೆ ಹೋದರು. ಅಲ್ಲಿಂದಲೇ ಬಸ್ಸಿನಲ್ಲಿ ಶಾಲೆಗೆ ಬರತೊಡಗಿದರು.

ಅಷ್ಟರಲ್ಲಿ ಮಾಮ ನನ್ನನ್ನು ದಿನವೂ ಚಹಾಕ್ಕೆ ಕರೆಯತೊಡಗಿದ್ದರು. ಪ್ರೀತಿಯಿಂದಲ್ಲ, ವಿಚಾರಿಸಲು ಎಂದು ನನಗೆ ಗೊತ್ತಿತ್ತು. ಹಾಗಿದ್ದರೂ ಕೆಲಸವನ್ನೂ ಕಲಿಸುತ್ತಿದ್ದರು. ಯಾವ ಚೌಕಟ್ಟೂ ನಿಜವಾಗಿ ಚೌಕವಾಗಿರುವುದಿಲ್ಲ, ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆಯಬೇಕು ಎನ್ನುವರು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು:

"ನೀನು ಅಳೆದದ್ದು ನಕ್ಷೆಯಲ್ಲೂ ಹಾಗೇ ಇದ್ಯಾ? ನೋಡಿದ್ಯಾ?"

"ಇರದೇ ಎಂತ ಮಾಮ?"

"ನೋಡಿದ್ಯಾ ಅಂತ ಕೇಳಿದ್ದು."

ನನಗೆ ಸಿಟ್ಟು ಬಂತು. ಅವರಿಗೆ ತೋರಿಸಿಯೇ ಬಿಡಬೇಕೆಂದು ಮರುದಿನ ಆಫೀಸಿನಲ್ಲಿ ಅಂತಿಮ ನಕ್ಷೆಯ ಸುರುಳಿ ಬಿಚ್ಚಿದೆ. ಮಾಮನ ಅಂಗಡಿಯ ಮುಂದೆ ಹದಿನಾರಡಿ ಇರಬೇಕಾದಲ್ಲಿ ಇಪ್ಪತ್ತಿತ್ತು. ಇಡೀ ಬೀದಿ ಹಾಗೇ ಹಿಗ್ಗಿತ್ತು. ತಪ್ಪಾಗಿದೆ ಎಂದು ಯಜಮಾನರಿಗೆ ಹೇಳಿದೆ. ಅವರು ತಲೆಯೆತ್ತಲಿಲ್ಲ.

"ತಪ್ಪಲ್ಲ. ನಕ್ಷೆಯಲ್ಲಿ ಇಪ್ಪತ್ತಿದ್ರೆ ಮೆಟ್ಟಿಲು, ಜಗಲಿ ಎಲ್ಲ ಒತ್ತುವರಿ ಅಂತ ಆಮೇಲೆ ತೆಗೆಸ್ಲಿಕ್ಕೆ ಬರ್ತದೆ. ಬೀದಿಯ ಕೊನೆಗೆ ಹಳೇ ಗೋದಾಮು ತಗೊಂಡವರಿಗೆ ಲಾರಿ ಹೋಗುವಷ್ಟು ರಸ್ತೆ ಬೇಕು. ರಸ್ತೆ ಅಗಲ ಅಂದ್ರೆ ಜನ ಗಲಾಟೆ ಮಾಡ್ತಾರೆ, ಸೈಕಲ್ ಅಂದ್ರೆ ಮಾಡೂದಿಲ್ಲ ಅಂದ್ಕೊಂಡಿದ್ದೆವು. ನೀನು ನಿನ್ನ ಕೆಲಸ ನೋಡು."

ನಾಲ್ಕು ದಿನ ನನ್ನ ಕೆಲಸ ನೋಡಿದೆ. ಐದನೆಯ ದಿನ ಅಳತೆಯ ಪುಸ್ತಕವನ್ನೂ ನಕ್ಷೆಯ ಒಂದು ಪ್ರತಿಯನ್ನೂ ಚೀಲದಲ್ಲಿಟ್ಟುಕೊಂಡು ಮಾಮನ ಅಂಗಡಿಗೆ ಹೋಗಿ ಮೇಜಿನ ಮೇಲೆ ಹರಡಿದೆ. ಅವರು ಎರಡನ್ನೂ ನೋಡಿದರು. ಆಮೇಲೆ ಎದುರಿನ ಕನ್ನಡಿಯಲ್ಲಿ ನನ್ನ ಮುಖವನ್ನು ನೋಡುತ್ತ ಕೇಳಿದರು:

"ನಿನ್ನನ್ನ ಯಾರು ಕಳ್ಸಿದ್ರು?"

ನನಗೆ ಅಳುವೇ ಬಂತು. "ಯಾರೂ ಕಳ್ಸಲಿಲ್ಲ. ನಂಬೂದಿಲ್ಲ ಅಂದ್ರೆ ನೀವೇ ಪೂರ್ತಿ ಬೀದಿ ಅಳೀರಿ, ನಾನು ಟೇಪು ಹಿಡೀತೆ" ಎಂದು ಕೂಗಿದೆ.

ಮರುದಿನ ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲು ಬೀದಿಯ ಈ ತುದಿಯಿಂದ ಆ ತುದಿಗೆ ಇಬ್ಬರೂ ಅಳೆದೆವು. ಮುಗಿದಾಗ ಮಾಮ ಬೆವರು ಒರೆಸಿಕೊಂಡು, "ಆತು" ಎಂದರು. ಅಷ್ಟೇ.

ಸಾರ್ವಜನಿಕರ ಅಹವಾಲು ಕೇಳುವ ಸಭೆ ಶಾಲೆಯೊಂದರ ಸಭಾಂಗಣದಲ್ಲಿತ್ತು. ಕುರ್ಚಿ ಸಾಲದೆ ಜನ ಕಿಟಕಿಗಳ ಮೇಲೂ ಕೂತಿದ್ದರು. ಮಾಮ ಎದ್ದು ನನ್ನ ಪುಸ್ತಕದ ಅಳತೆಯನ್ನೂ ನಕ್ಷೆಯ ಅಳತೆಯನ್ನೂ ಒಂದೊಂದೇ ಅಂಗಡಿಯ ಹೆಸರು ಹಿಡಿದು ಓದಿದರು. ಸಭೆಯಲ್ಲಿ ಗದ್ದಲವಾಯಿತು. "ಅಕ್ಕೋರಿಗೆ ಇದೆಲ್ಲ ಗೊತ್ತಿತ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಕ್ಕೋರು ಮೂಲೆಯಲ್ಲಿ ಕೂತಿದ್ದರು.

ಮಾಮ ಅವರ ಕಡೆಗೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

ಅಕ್ಕೋರು ಎದ್ದು ಬಂದರು. ಚೀಲದಿಂದ ತಮ್ಮ ಮನವಿಯ ಪ್ರತಿ ತೆಗೆದು ಅವರ ಕೈಗೆ ಕೊಟ್ಟರು. ಒಂದೇ ಹಾಳೆ. ಮಾಮ ಕನ್ನಡಕ ಹಾಕಿಕೊಂಡು ಓದತೊಡಗಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಅದರಲ್ಲಿ ಸೈಕಲ್ ದಾರಿಯ ಮಾತೇ ಇರಲಿಲ್ಲ. ಬೆಳಿಗ್ಗೆ ಶಾಲೆ ಸೇರುವ ಒಂದು ಗಂಟೆ ಬೀದಿಯಲ್ಲಿ ಲಾರಿ, ಟೆಂಪೋಗಳಿಂದ ಸಾಮಾನಿಳಿಸಬೇಡಿ ಎಂದಷ್ಟೇ ಕೇಳಿದ್ದರು.

"ಇವರ ಹಿಂದೆ ಯಾರೋ ಇದ್ದಾರೆ ಅಂತ ಹೇಳಿದವ ನಾನು" ಎಂದರು ಮಾಮ. ಅವರ ದನಿ ಸಣ್ಣದಾಗಿತ್ತು. "ಗೊತ್ತಿಲ್ಲದೇ ಹೇಳಿದೆ. ಸುಳ್ಳು ಹೇಳಿದೆ. ಈ ಕಾಗದದಲ್ಲಿ ಇದ್ದದ್ದಕ್ಕೆ ನನ್ನ ಒಪ್ಪಿಗೆ ಇದೆ. ನನ್ನ ಗಾಜು ಹುಬ್ಬಳ್ಳಿಯಿಂದ ಬೆಳಿಗ್ಗೆಯೇ ಬರೂದು. ನಾಳೆಯಿಂದ ಹನ್ನೊಂದರ ಮೇಲೆ ಇಳಿಸ್ತೇನೆ."

ಚಪ್ಪಾಳೆ ಬೀಳಲಿಲ್ಲ. ಜಗಲಿ ಉಳಿದರೆ ಸಾಕಾಗಿದ್ದವರಿಗೆ ಈ ಒಂದು ಗಂಟೆಯ ಮಾತು ರುಚಿಸಲಿಲ್ಲ. ಆ ನಕ್ಷೆ ಅಲ್ಲಿಗೇ ನಿಂತಿತು, ಮತ್ತೆ ಮೇಲೆ ಬರಲಿಲ್ಲ. ಆದರೆ ಅದೇ ಚಹಾದಂಗಡಿಯಲ್ಲಿ ಈಗ ಮಾಮನ ಬಗ್ಗೆ ಪಿಸುಮಾತು ಶುರುವಾಯಿತು. ಅಕ್ಕೋರ ಪರ ಇದ್ದಕ್ಕಿದ್ದಂತೆ ಯಾಕೆ ಮಾತಾಡಿದ? ಅವನಿಗೆ ಎಂತ ಸಿಕ್ಕಿತು? ಮಾಮ ಎಲ್ಲವನ್ನೂ ಕೇಳಿಸಿಕೊಂಡು, "ಸರಿಯಾಗೇ ಕೇಳ್ತಿದ್ದಾರೆ. ನಾನಾದ್ರೂ ಅದೇ ಕೇಳ್ತಿದ್ದೆ" ಎಂದರು. ಗಾಜಿನ ಲಾರಿ ಮಾತ್ರ ಹನ್ನೊಂದರ ನಂತರವೇ ಬಂತು. ಒಬ್ಬೊಬ್ಬರಾಗಿ ಇನ್ನು ಕೆಲವರೂ ಹೊತ್ತು ಬದಲಿಸಿಕೊಂಡರು, ಎಲ್ಲರೂ ಅಲ್ಲ.

ನನ್ನ ಕೆಲಸ ಹೋಯಿತು. ಮಾಮ ಸಾಂತ್ವನದ ಮಾತಾಡಲಿಲ್ಲ. "ನಿನ್ನ ಮೇಲೆ ಇನ್ನೂ ಪೂರ್ತಿ ನಂಬಿಕೆ ಬರಲಿಲ್ಲ. ಕಣ್ಣೆದುರೇ ಇರು" ಎಂದು ಅಂಗಡಿಯಲ್ಲಿ ಕೂರಿಸಿಕೊಂಡರು. ಸರಕಾರಿ ಭೂಮಾಪಕರ ಪರೀಕ್ಷೆಗೆ ಅರ್ಜಿ ತಂದುಕೊಟ್ಟವರೂ, ತುಂಬಿದ ಅರ್ಜಿಯನ್ನು ನಾಲ್ಕು ಸಲ ತಿದ್ದಿಸಿದವರೂ ಅವರೇ. ಆ ಪರೀಕ್ಷೆ ಪಾಸಾದೆ. ಇಂದು ಯಾರ ಗದ್ದೆಯ ಬದುವಿನ ಮೇಲೆ ನಿಂತರೂ ನಾನು ಅಳೆದದ್ದನ್ನೇ ಬರೆಯುತ್ತೇನೆ, ಬರೆದದ್ದನ್ನು ನಕ್ಷೆಯಲ್ಲಿ ಹೋಗಿ ನೋಡುತ್ತೇನೆ. ಈ ಹೊಟ್ಟೆಪಾಡು ಅವರು ಕೊಟ್ಟದ್ದೇ.

ಆದರೆ ಅಕ್ಕೋರು ಅವರನ್ನು ಕ್ಷಮಿಸಲಿಲ್ಲ. ಮಾಮ ಎರಡು ಸಲ ಹೊನ್ನಾವರಕ್ಕೆ ಬಸ್ಸು ಹತ್ತಿ ಹೋಗಿದ್ದರು. ಮೊದಲ ಸಲ ಮನೆಯ ಹೊರಗೇ ನಿಂತು ಮಾತಾಡಿ ಬಂದರು. ಎರಡನೆಯ ಸಲ ಮಾಲೀಕರನ್ನು ಒಪ್ಪಿಸಿ ಮಾಳಿಗೆಯ ಮನೆ ಮತ್ತೆ ಕೊಡಿಸುತ್ತೇನೆ ಎಂದರಂತೆ. "ಬೇಡ. ಆ ಬೀದಿಯಲ್ಲಿ ನನಗೆ ತಲೆಯೆತ್ತಿ ನಡೆಯಲು ಆಗಲಿಲ್ಲವಲ್ಲ, ಆ ದಿನಗಳನ್ನು ಹ್ಯಾಗೆ ಕೊಡಿಸ್ತೀರಿ?" ಎಂದು ಅಕ್ಕೋರು ಕೇಳಿದರಂತೆ. ಇದನ್ನು ನನಗೆ ಹೇಳಿದವರು ಮಾಮನೇ. ಹೇಳಿ, "ಅವರು ಹೇಳಿದ್ದು ಸರಿ" ಎಂದು ಸೇರಿಸಿದ್ದರು. ಆ ನಂತರ ಅವರು ಯಾರ ಬಗ್ಗೆಯಾದರೂ ಸಂಶಯಪಟ್ಟರೆ ಆ ಮನುಷ್ಯನನ್ನೇ ಹುಡುಕಿಕೊಂಡು ಹೋಗಿ ಮುಖಕ್ಕೇ ಕೇಳುತ್ತಿದ್ದರು. ಅದರಿಂದಲೂ ಹಲವರು ದೂರವಾದರು.

ನಾಲ್ಕು ವರ್ಷದ ನಂತರ, ಒಂದು ರಾತ್ರಿ ಊಟ ಮಾಡಿ ಮಲಗಿದ ಮಾಮ ಬೆಳಿಗ್ಗೆ ಏಳಲಿಲ್ಲ. ನಾನು ಆಗ ಹೊನ್ನಾವರದ ಕಡೆ ಕೆಲಸದಲ್ಲಿದ್ದೆ. ಸುದ್ದಿ ತಿಳಿದು ಹೊರಟವಳು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅಕ್ಕೋರ ಮನೆಯ ಬಾಗಿಲು ತಟ್ಟಿದೆ. ಹೇಳಲೇಬೇಕು ಎನಿಸಿತ್ತು, ಅಷ್ಟೇ. ಅವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಬರ್ತೇನೆ ಎಂದು ತಿರುಗಿದೆ.

"ದಹನಕ್ಕೆ ಎಷ್ಟು ಹೊತ್ತಿಗೆ ತೆಗೀತಾರಂತೆ?" ಎಂದು ಕೇಳಿದರು.

"ಸಂಜೆಯೊಳಗೆ."

"ಒಂದು ನಿಮಿಷ ನಿಲ್ಲು" ಎಂದು ಒಳಗೆ ಹೋದರು. ಸೀರೆ ಬದಲಿಸಿ, ಕೊಡೆ ಹಿಡಿದು ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದರು. ನಾವಿಬ್ಬರೂ ಕುಮಟಾದ ಬಸ್ಸು ಹತ್ತಿದೆವು.