ಕಾರ್ಡಿಗೆ ಹೊಡೆದ ತೂತು

ನಮ್ಮತ್ತಿಗೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಣ್ಣ ಮದುವೆಯಾದ ಹೊಸತರಲ್ಲೇ ನನ್ನ ಹತ್ತಿರ ದೂರಿದ್ದ. ಇರಲಿ ಬಿಡು, ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಸಿಟ್ಟು ಬರಬೇಕಲ್ಲ ಎಂದಿದ್ದೆ. ಅಣ್ಣ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದವನು. ಸ್ಟ್ರೆಚರ್ ಎತ್ತಿ ಎತ್ತಿ ಬೆನ್ನು ಕೆಡಿಸಿಕೊಂಡು ಅವನು ಮಲಗಿದ ಮೇಲೆ ಅದೇ ಆಸ್ಪತ್ರೆಯ ಲಾಂಡ್ರಿಗೆ ಅತ್ತಿಗೆ ಕೆಲಸಕ್ಕೆ ಸೇರಿದಳು. ಗಂಡನ ಔಷಧಿ, ಇಬ್ಬರು ಮಕ್ಕಳ ಓದು, ಮನೆ, ಎಲ್ಲವೂ ಆ ಒಂದು ಕೆಲಸದ ಮೇಲೆ ನಿಂತಿದ್ದವು. ಆ ಕೆಲಸ ಹೋಗುವಂತಾಯಿತು. ಯಾಕೆ ಎಂದು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಲಾಂಡ್ರಿ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಮೇಲಿನ ವಾರ್ಡುಗಳ ಹೊಲಸು ಬಟ್ಟೆಯೆಲ್ಲ ಮೂಟೆ ಮೂಟೆಯಾಗಿ ಅಲ್ಲಿಗೆ ಇಳಿಯುತ್ತದೆ. ರಕ್ತ ಹತ್ತಿದ್ದನ್ನು ಬೇರೆ ಮಾಡಿ ತಣ್ಣೀರಿನಲ್ಲಿ ನೆನೆಹಾಕಬೇಕು, ಬಿಸಿನೀರು ತಾಗಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬ್ಲೀಚಿಂಗ್ ನೀರಿನಲ್ಲಿ ಕೈ ಆಡಿಸಿ ಆಡಿಸಿ ಅತ್ತಿಗೆಯ ಬೆರಳ ಗೆರೆಗಳು ಸವೆದುಹೋಗಿದ್ದವು. ಹಿಂದೆ ಬೆರಳೊತ್ತುವ ಹಾಜರಿ ಯಂತ್ರ ಇದ್ದಾಗ ಅದು ಲಾಂಡ್ರಿಯವರನ್ನು ಗುರುತೇ ಹಿಡಿಯುತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಕಾರ್ಡು ಬಂತು. ಅಲ್ಲೇ ಔಷಧಿ ಕೌಂಟರಿನಲ್ಲಿ ಕೂರುವ ನನಗೂ ಒಂದು ಸಿಕ್ಕಿತು.

ಕಾರ್ಡು ಒಂದೇ, ಅದನ್ನು ಓದುವ ಯಂತ್ರಗಳು ಎರಡು ಥರ. ಲಾಂಡ್ರಿ ಬಾಗಿಲಲ್ಲಿದ್ದದ್ದು ಹಳೆಯದು. ಅದರ ಸೀಳಿನೊಳಗೆ ಕಾರ್ಡು ತೂರಿಸಬೇಕು, ಕಾರ್ಡಿನ ಮೇಲಿನ ಚಿನ್ನದ ಬಣ್ಣದ ಚಿಪ್ ಒಳಗೆ ತಾಗಿದರೆ ಹಾಜರಿ ಬೀಳುತ್ತದೆ. ಸಿಬ್ಬಂದಿ ಓಡಾಡುವ ಮುಂಬಾಗಿಲಿನ ಗೇಟಿಗೆ ಹಾಕಿದ್ದು ಹೊಸದು. ಒಳಗೆ ಬರಲೂ ಹೊರಗೆ ಹೋಗಲೂ ಕಾರ್ಡನ್ನು ಸುಮ್ಮನೆ ಹತ್ತಿರ ಹಿಡಿದರೆ ಸಾಕು, ಹಸಿರು ದೀಪ ಹತ್ತಿ ಗೇಟು ತೆರೆದುಕೊಳ್ಳುತ್ತದೆ. ತಾಗದೆಯೇ ಮಾತಾಡಲು ಕಾರ್ಡಿನ ಹೊಟ್ಟೆಯೊಳಗೆ, ಅಂಚಿನ ಸುತ್ತ, ಕೂದಲೆಳೆಯಂಥ ತಂತಿ ಸುತ್ತಿರುತ್ತದಂತೆ. ಇದು ನಮಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರಿಗೂ ಗೊತ್ತಿರಲಿಲ್ಲ.

ಕಾರ್ಡನ್ನು ಎಲ್ಲರೂ ಕೊರಳಿಗೆ ಹಾಕಿಕೊಳ್ಳಬೇಕೆಂದು ಆಡಳಿತಾಧಿಕಾರಿ ಆರ್ಡರ್ ಹೊರಡಿಸಿದ. ಅವನಿಗೆ ನಾವಿಟ್ಟ ಹೆಸರು ಗರಿಗರಿ ಸಾಹೇಬ. ಅವನ ಮನೆಯ ಶರ್ಟುಗಳು ನಮ್ಮ ಲಾಂಡ್ರಿಯಲ್ಲೇ, ಪುಕ್ಕಟೆಯಾಗಿ, ಗಂಜಿ ಕಂಡು ಇಸ್ತ್ರಿಯಾಗಿ ಹೋಗುತ್ತಿದ್ದವು. ಇಸ್ತ್ರಿ ಮಾಡುತ್ತಿದ್ದವಳು ಅತ್ತಿಗೆ. ಡಾಕ್ಟರುಗಳಿಗೆ, ನರ್ಸುಗಳಿಗೆ, ನಮ್ಮಂಥ ಕೌಂಟರಿನವರಿಗೆ ಕಾರ್ಡು ಹಾಕಿಕೊಳ್ಳಲು ಪ್ಲಾಸ್ಟಿಕ್ ಕವರು ಕೊಟ್ಟರು. ಲಾಂಡ್ರಿಯವರ ಸರದಿ ಬರುವಾಗ ಕವರು ಮುಗಿದಿತ್ತಂತೆ. ಅವರ ಸರದಿ ಬರುವಾಗ ಏನಾದರೂ ಮುಗಿಯದೆ ಇದ್ದದ್ದನ್ನು ನಾನಂತೂ ಕಂಡಿಲ್ಲ. ಆಫೀಸಿನ ಗುಮಾಸ್ತ ಕಾಗದಕ್ಕೆ ತೂತು ಹೊಡೆಯುವ ಪಂಚು ತಂದು, ಒಂದೊಂದು ಕಾರ್ಡಿನ ಅಂಚಿಗೂ ಕಚಕ್ಕನೆ ತೂತು ಹೊಡೆದು ದಾರ ಕಟ್ಟಿಕೊಟ್ಟ.

ಮಾರನೆಯ ಬೆಳಿಗ್ಗೆ ಗೇಟು ಅವರಿಗೆಲ್ಲ ಕೆಂಪು ದೀಪ ತೋರಿಸಿತು. ಗೇಟಿನ ವಾಚ್‌ಮನ್ ಎಲ್ಲರನ್ನೂ ಬಲ್ಲವನು. ಪಕ್ಕದ ಚಿಕ್ಕ ಬಾಗಿಲು ತೆಗೆದು ಒಳಗೆ ಬಿಟ್ಟ. ಅವರು ಕೆಳಗಿಳಿದು ಹಳೇ ಯಂತ್ರಕ್ಕೆ ಕಾರ್ಡು ತೂರಿಸಿದರು. ಚಿಪ್ ಚೆನ್ನಾಗಿಯೇ ಇತ್ತಲ್ಲ, ಹಾಜರಿ ಬಿತ್ತು. ಗೇಟು ಕೆಟ್ಟಿದೆ ಎಂದು ವಾಚ್‌ಮನ್ ಆಫೀಸಿಗೆ ಹೇಳಿ ಹೇಳಿ ಸಾಕಾದ. ಯಾರೂ ಕ್ಯಾರೆ ಅನ್ನಲಿಲ್ಲ. ದಿನವೂ ಇದೇ ಆಟ ನಡೆಯಿತು.

ಕೊನೆಗೆ ಆಫೀಸಿನಲ್ಲಿ ಎರಡು ಯಂತ್ರಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಲಾಂಡ್ರಿಯವರು ಒಬ್ಬರೂ ಗೇಟು ದಾಟಿಲ್ಲ, ಆದರೆ ಎಲ್ಲರಿಗೂ ಒಳಗೆ ಹಾಜರಿ ಇದೆ. ಗರಿಗರಿ ಸಾಹೇಬ ಪತ್ತೇದಾರನಾಗಿಬಿಟ್ಟ. ಬಟ್ಟೆ ಗಾಡಿ ಬರುವ ಹಿಂಬಾಗಿಲಿನಿಂದ ದಿನಕ್ಕೆ ಇಬ್ಬರೋ ಮೂವರೋ ನುಸುಳಿ ಬಂದು ಎಲ್ಲರ ಕಾರ್ಡು ತೂರಿಸುತ್ತೀರಿ, ಉಳಿದವರು ಮನೆಯಲ್ಲಿ ಕಾಲು ಚಾಚಿ ಮಲಗಿರುತ್ತೀರಿ ಎಂದ. ಹಾಗಾದರೆ ಇಷ್ಟು ದಿನ ವಾರ್ಡುಗಳ ಹಾಸಿಗೆ ಬಟ್ಟೆ ಒಗೆದದ್ದು ಯಾರು, ದೆವ್ವವೇ? ಅವನ ಶರ್ಟಿಗೆ ಇಸ್ತ್ರಿ ತಿಕ್ಕಿದ್ದು ಯಾರು? ವಾಚ್‌ಮನ್ ಎದುರಿಗೆ ಬಂದು ನಾನೇ ಒಳಗೆ ಬಿಟ್ಟಿದ್ದು ಎಂದರೆ, ನೀನೂ ಇವರ ಜೊತೆ ಶಾಮೀಲು ಎಂದು ಅವನಿಗೂ ಒಂದು ಮೆಮೊ ಕೊಟ್ಟ. ಹಸಿರು ದೀಪ ಹತ್ತದೆ ಯಾರನ್ನೂ ಬಿಡಕೂಡದು, ಅವರು ಯಾರೇ ಆಗಿರಲಿ, ಎಂದು ಸಹಿ ಹಾಕಿ ಗೇಟಿಗೆ ಅಂಟಿಸಿದ. ಅಂದಿನಿಂದ ಲಾಂಡ್ರಿಯವರನ್ನು ಗುಮಾಸ್ತ ಹಿಂಬಾಗಿಲಲ್ಲಿ ತಲೆ ಎಣಿಸಿ ಒಳಗೆ ಬಿಡತೊಡಗಿದ.

ಅತ್ತಿಗೆಯನ್ನೂ ಉಳಿದವರನ್ನೂ ಸಾಲಾಗಿ ನಿಲ್ಲಿಸಿ, ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದ: “ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಿ. ಬಿಟ್ಟುಬಿಡ್ತೀನಿ.”

ಎಲ್ಲರೂ ಬರೆದುಕೊಟ್ಟರು. ನಾನು ಅವರನ್ನು ಬಯ್ಯುವುದಿಲ್ಲ, ಮನೆಯಲ್ಲಿ ಮಕ್ಕಳಿದ್ದವರು. ಅತ್ತಿಗೆ ಮಾತ್ರ ಬರೆಯಲಿಲ್ಲ. ವಾರದೊಳಗೆ ಬರೆಯದಿದ್ದರೆ ಕೆಲಸ ಇಲ್ಲ ಎಂದು ಸಾಹೇಬ ಗಡುವು ಕೊಟ್ಟ. ಸಂಜೆ ಅಣ್ಣ ಮಲಗಿದ್ದಲ್ಲಿಂದಲೇ ಅಂಗಲಾಚಿದ. ಒಂದು ಸಾಲು ತಾನೇ, ಯಾರು ಓದುತ್ತಾರೆ, ಬರೆದು ಬಿಸಾಕು ಎಂದ. ನಾನೂ ಅದನ್ನೇ ಹೇಳಲು ಹೋಗಿದ್ದೆ. ಅತ್ತಿಗೆ ತಟ್ಟೆ ತೊಳೆಯುತ್ತಿದ್ದವಳು ನಮ್ಮ ಕಡೆ ತಿರುಗಿದಳು.

“ನಾಳೆ ವಾರ್ಡಲ್ಲಿ ಯಾರದೋ ಸರ ಕಾಣಲ್ಲ ಅಂತಿಟ್ಕೊಳ್ಳಿ. ಮೊದಲು ಯಾರ ಚೀಲ ಬಿಚ್ಚಿಸ್ತಾರೆ? ಕಳ್ಳಿ ಅಂತ ತನ್ನ ಕೈಯಾರೆ ಬರ್ಕೊಟ್ಟೋಳದ್ದು. ಹಸಿದುಕೊಂಡಾದರೂ ಇರ್ತೀನಿ, ಬರ್ಕೊಡಲ್ಲ.”

ಅಣ್ಣ ಗೋಡೆಗೆ ಮುಖ ಮಾಡಿದ.

ಗಡುವು ಮುಗಿಯುವ ದಿನ, ವಾಚ್‌ಮನ್ನನ ಹಳೇ ದೂರು ಹೇಗೋ ತಲುಪಿ, ಗೇಟು ರಿಪೇರಿಗೆ ಕಂಪನಿಯವನು ಬಂದ. ಗೇಟಿನಲ್ಲಿ ಯಾವ ದೋಷವೂ ಅವನಿಗೆ ಸಿಗಲಿಲ್ಲ. ಅತ್ತಿಗೆ ತನ್ನ ಕಾರ್ಡು ಕೊಟ್ಟಳು. ಅವನು ಅದರ ಹಿಂದೆ ಟಾರ್ಚ್ ಹಿಡಿದು ನೋಡಿ ನಕ್ಕುಬಿಟ್ಟ. ತೂತು ಸರಿಯಾಗಿ ತಂತಿಯ ಮೇಲೇ ಬಿದ್ದಿದೆ, ತಂತಿ ತುಂಡಾದರೆ ಚಿಪ್ ಬದುಕಿರುತ್ತದೆ, ತಾಗದೆ ಮಾತಾಡುವ ಶಕ್ತಿ ಸತ್ತುಹೋಗುತ್ತದೆ ಎಂದ. ಇದನ್ನು ಸಾಹೇಬರ ಮುಂದೆ ಹೇಳಿ ಎಂದರೆ, ಅವರ ಜೊತೆ ವ್ಯವಹಾರ ಇದೆ ಅಮ್ಮ, ನನ್ನನ್ನು ಎಳೀಬೇಡಿ ಎಂದು ಚೀಲ ಹೆಗಲಿಗೇರಿಸಿ ನಡೆದ. ಅವನ ಮೇಲೂ ನನಗೆ ಸಿಟ್ಟಿದೆ.

ಅತ್ತಿಗೆ ನೇರ ಸಾಹೇಬನ ಕೋಣೆಗೆ ನುಗ್ಗಿದಳು. ಹಿಂದೆ ನಾನು, ನನ್ನ ಹಿಂದೆ ಇಡೀ ಲಾಂಡ್ರಿ. ಅವಳು ತೂತಿನ ವಿಷಯ ಹೇಳಿದಳು. ಸಾಹೇಬ ಮನೆಗೆ ಹೊರಡಲು ಎದ್ದು ನಿಂತಿದ್ದವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಇಷ್ಟು ಸಣ್ಣ ತೂತಿಗೆ ಕಾರ್ಡು ಸಾಯುತ್ತದೆಯೇ, ಕಥೆ ಕಟ್ಟುವುದಾದರೆ ಸ್ವಲ್ಪ ಚೆನ್ನಾಗಿ ಕಟ್ಟು ಎಂದು ನಕ್ಕ. ಗುಮಾಸ್ತನೂ ನಕ್ಕ.

“ಏನೂ ಆಗಲ್ಲ ತಾನೇ ಸಾರ್?” ಎಂದಳು ಅತ್ತಿಗೆ. “ಹಾಗಾದ್ರೆ ನಿಮ್ಮದಕ್ಕೂ ಅಲ್ಲೇ ಹೊಡೆಸಿ.”

ಅಷ್ಟು ಜನರ ಮುಂದೆ ಏನೂ ಆಗುವುದಿಲ್ಲ ಎಂದವನು ಈಗ ಹಿಂಜರಿಯುವುದು ಹೇಗೆ? ಚರ್ಮದ ಕವರಿನಿಂದ ಕಾರ್ಡು ತೆಗೆದು ಗುಮಾಸ್ತನ ಕಡೆ ಎಸೆದ. ಗುಮಾಸ್ತ ಒಮ್ಮೆ ಸಾಹೇಬನ ಮುಖ ನೋಡಿದ, ಒಮ್ಮೆ ಅತ್ತಿಗೆಯ ಮುಖ ನೋಡಿದ. ಆಮೇಲೆ ಕಚಕ್ ಎಂದಿತು.

ಸಾಹೇಬ ದಡದಡನೆ ಗೇಟಿಗೆ ಇಳಿದು, ಹಿಂದೆಯೇ ಬಂದ ನಮ್ಮೆಲ್ಲರ ಮುಂದೆ ಕಾರ್ಡು ಹಿಡಿದ. ಕೆಂಪು ದೀಪ. ಕರ್ಚೀಫಿನಲ್ಲಿ ಒರೆಸಿ ಹಿಡಿದ, ಮಗುಚಿ ಹಿಡಿದ, ಯಂತ್ರಕ್ಕೆ ಒತ್ತಿ ಹಿಡಿದ. ಕೆಂಪೇ. ಗೇಟಿನಾಚೆ ಅವನ ಕಾರು ಕಾಯುತ್ತಿತ್ತು. ಪಕ್ಕದ ಬಾಗಿಲು ತೆಗೆ ಎಂದು ವಾಚ್‌ಮನ್‌ಗೆ ಗದರಿದ. ವಾಚ್‌ಮನ್ ಕುರ್ಚಿಯಿಂದ ಎದ್ದು ನಿಂತು, ಗೇಟಿಗೆ ಅಂಟಿಸಿದ್ದ ಕಾಗದದ ಮೇಲೆ ಮೆತ್ತಗೆ ಬೆರಳಿಟ್ಟ.

“ಯಾರೇ ಆಗಿರಲಿ ಅಂತ ಇದೆ ಸಾರ್. ಸಹಿ ನಿಮ್ಮದೇ.”

ಯಾರೂ ನಗಲಿಲ್ಲ. ನಗುವಷ್ಟು ಸಮಾಧಾನ ಅಲ್ಲಿ ಯಾರಿಗೂ ಇರಲಿಲ್ಲ. ಸಾಹೇಬನ ಗರಿಗರಿ ಕಾಲರು ಬೆವರಿಗೆ ಮೆತ್ತಗಾಗಿತ್ತು. ಅವನು ಗುಮಾಸ್ತನನ್ನು ಮೇಲೆ ಓಡಿಸಿ ಎಲ್ಲರೂ ಬರೆದುಕೊಟ್ಟ ಕಾಗದಗಳನ್ನು ತರಿಸಿದ. ಅತ್ತಿಗೆಯ ಕೈಗೆ ತುರುಕಿ, ಎಲ್ಲರಿಗೂ ಹೊಸ ಕಾರ್ಡು ಕೊಡಿಸುತ್ತೇನೆ, ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ, ಇನ್ನು ದಾರಿ ಬಿಡಿ ಎಂದ. ಅತ್ತಿಗೆ ಒಬ್ಬೊಬ್ಬರನ್ನೇ ಕರೆದು ಅವರವರ ಕಾಗದ ಅವರವರ ಕೈಗೆ ಕೊಟ್ಟಳು. ಅವರು ಅಲ್ಲೇ ಹರಿದರು. ಸಾಹೇಬ ಇನ್ನು ಮುಗಿಯಿತಲ್ಲ ಎಂಬಂತೆ ನೋಡಿದ. ಅವಳು ಕದಲಲಿಲ್ಲ.

“ಇವು ನಮ್ಮವು ಸಾರ್. ನಿಮ್ಮದು ಇನ್ನೂ ಬರಬೇಕು. ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಿ. ಬಿಟ್ಟುಬಿಡ್ತೀವಿ.”

ಅವನು ಬರೆಯಲಿಲ್ಲ. ಬಟ್ಟೆ ಗಾಡಿ ಬರುವ ಹಿಂಬಾಗಿಲಿನಿಂದ, ಹೊಲಸು ಮೂಟೆಗಳ ನಡುವೆ ದಾರಿ ಮಾಡಿಕೊಂಡು ಮನೆಗೆ ಹೋದ. ಹೊಸ ಕಾರ್ಡು ಬಂತು, ಕವರೂ ಬಂತು. ಅತ್ತಿಗೆ ಹೊಸದನ್ನು ಗೇಟಿಗೆ ತೋರಿಸಿ ಒಳಗೆ ಹೋಗುತ್ತಾಳೆ. ಕೊರಳಿನಲ್ಲಿ ಮಾತ್ರ ತೂತಿನ ಕಾರ್ಡೇ ಇರುತ್ತದೆ. ಯಾಕೆ ಅದನ್ನಿನ್ನೂ ಹಾಕಿಕೊಳ್ಳುತ್ತೀಯ ಎಂದು ಸಾಹೇಬ ಇವತ್ತಿನವರೆಗೂ ಕೇಳಿಲ್ಲ.