'ನೀರು' ಎನ್ನದ ಫಕ್ಕೀರಪ್ಪ ಕಾಕಾ

ಚಹಾ ಕೊಟ್ಟರೆ ಫಕ್ಕೀರಪ್ಪ ಕಾಕಾ ಮೊದಲು ಸ್ಟೀಲ್ ಲೋಟಕ್ಕೆ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. ತಲೆ ಓರೆ ಮಾಡಿ, ಆ ಸದ್ದು ಪೂರ್ತಿ ಮುಗಿಯುವವರೆಗೂ ಕಾದು, ಆಮೇಲೆ ಕುಡಿಯುತ್ತಿದ್ದರು. ನಮ್ಮವ್ವ ನಗುತ್ತಿದ್ದಳು: "ಏನ್ರಿ ಅಣ್ಣಾರ, ನನ್ನ ಚಹಾದಾಗೂ ಗುಜರಿ ಹುಡುಕ್ತೀರೇನು?"

ಶಿಗ್ಗಾಂವದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹೈವೇ ಪಕ್ಕ ಕಬ್ಬಿಣದ ಕಾರ್ಖಾನೆ ಎದ್ದ ವರ್ಷವೇ ತಿಳವಳ್ಳಿಯ ಭತ್ತದ ಗದ್ದೆ ಬಿಟ್ಟು ಬಂದು ಕೆಲಸಕ್ಕೆ ಸೇರಿದವರು ಅವರು. ಸುತ್ತಲಿನ ತಾಲ್ಲೂಕುಗಳ ಮುರಿದ ಕಬ್ಬಿಣವೆಲ್ಲ ಅಲ್ಲಿಗೆ ಬರುತ್ತಿತ್ತು: ಸವೆದ ಕುಂಟೆಯ ಕುಡ, ಲಾರಿಯ ಸ್ಪ್ರಿಂಗ್ ಪಾಟಾ, ಕೆಟ್ಟ ಬೋರಿನ ಪೈಪು. ಭಟ್ಟಿಯಲ್ಲಿ ಅದನ್ನು ಕರಗಿಸಿ ಮನೆ ಕಟ್ಟುವ ಸರಳು ಮಾಡುತ್ತಿದ್ದರು. ಶಿಗ್ಗಾಂವದ ಎಷ್ಟು ತಾರಸಿಗಳೊಳಗೆ ಹಾನಗಲ್ಲಿನ ನೇಗಿಲು ಮಲಗಿವೆಯೋ ಎಂದು ಕಾಕಾ ಮೇಲಿನ ಚಾವಣಿ ನೋಡುತ್ತ ಹೇಳುತ್ತಿದ್ದರು.

ಭಟ್ಟಿಗೆ ಹೋಗುವ ಮುನ್ನ ಪ್ರತಿ ತುಂಡನ್ನೂ ಬಡಿದು, ಒಳಗೆ ನೀರಿದೆಯೋ ಎಂದು ಸದ್ದು ಕೇಳುವುದು ಅವರ ಕೆಲಸ. ಮಣ್ಣು ಮೆತ್ತಿ ಎರಡೂ ಬಾಯಿ ಮುಚ್ಚಿದ ಪೈಪಿನಲ್ಲಿ ಮಳೆನೀರು ಉಳಿದಿದ್ದು, ಅದು ಕರಗಿದ ಕಬ್ಬಿಣಕ್ಕೆ ಬಿದ್ದರೆ ಭಟ್ಟಿ ಸಿಡಿಯುತ್ತದೆ. ನಾನು ಹುಟ್ಟುವ ಮೊದಲು ಒಮ್ಮೆ ಸಿಡಿದಿತ್ತು. ಸವಣೂರಿನಿಂದ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಅವತ್ತು ತಿರುಗಿ ಮನೆಗೆ ಹೋಗಲಿಲ್ಲ. ಅದಾದ ಮೇಲೆ ಕೆಲಸಗಾರರೇ ಸೇರಿ ಒಂದು ಕಟ್ಟಳೆ ಮಾಡಿಕೊಂಡರು. ಭಟ್ಟಿಯ ಹತ್ತಿರ ಯಾರೂ 'ನೀರು' ಅನ್ನಬಾರದು. ಬಾಯಾರಿದರೆ 'ತಂಪು' ಕೇಳಬೇಕು. ಯಾರಾದರೂ 'ನೀರು' ಎಂದು ಕೂಗಿದರೆ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಯಾಕೆ ಎಂದು ಕೇಳದೆ ಓಡಬೇಕು.

ಚಿಕ್ಕೇರೂರಿನಿಂದ ಹೊಸದಾಗಿ ಬಂದವನೊಬ್ಬ, "ಯಣ್ಣಾ, ಒಂದೀಟ ನೀರು ಕೊಡೋ" ಅಂದನಂತೆ. ಇಡೀ ಪಾಳಿ ಗೇಟಿನ ಹೊರಗೆ ಓಡಿ ನಿಂತಿತ್ತು. ಒಳಗೆ ಅವನೊಬ್ಬನೇ, ಇನ್ನೂ ಕೈ ಚಾಚಿಕೊಂಡು. ಕೇಳಿ ನಾನು ನಕ್ಕೆ. "ನಗಬ್ಯಾಡವ್ವ," ಅಂದರು ಕಾಕಾ. "ಆ ಓಟ ಐತಲ್ಲ, ಅದ ನಮ್ಮನ್ನ ಉಳಿಸೂದು."

ಮನೆಯಲ್ಲೂ ಆ ಮಾತು ಅವರ ಬಾಯಿಗೆ ಬರಲಿಲ್ಲ. ನಲ್ಲಿಗೆ ತಂಪು ಬರುತ್ತಿತ್ತು, ಕೆರೆಯಲ್ಲಿ ತಂಪು ತುಂಬುತ್ತಿತ್ತು. ನಾನು ಚಿಕ್ಕವಳಿದ್ದಾಗ ಲೋಟ ಮುಂದಿಟ್ಟರೆ, ಕಣ್ಣು ಮುಚ್ಚಿ ಬಡಿದು, ತುಂಬಿದೆಯೋ ಅರ್ಧವೋ ಖಾಲಿಯೋ ಹೇಳುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ.

ಧಾರವಾಡದಲ್ಲಿ ಎಂ.ಎ. ಮುಗಿಸಿ ನಾನು ಊರಿಗೆ ಬಂದಾಗ ಮಳೆಗಾಲ. ಅವರ ಮಗ ಬಸವರಾಜ ಆಗಷ್ಟೇ ಭಟ್ಟಿಯ ಬಾಯಿಯಲ್ಲಿ ಕೆಲಸಕ್ಕೆ ನಿಂತಿದ್ದ. ಅಪ್ಪ ಬಡಿದು ಸರಿಯೆಂದು ಬಿಟ್ಟದ್ದನ್ನು ಮಗ ಒಳಗೆ ನೂಕುತ್ತಿದ್ದ. ಒಂದು ಸಂಜೆ ಸುಮ್ಮನೆ ಹಳೆಯ ಆಟಕ್ಕೆ ಕರೆದೆ. ಕಾಕಾ ಕಣ್ಣು ಮುಚ್ಚಿ ಬಡಿದರು.

"ಖಾಲಿ."

ಲೋಟ ತುಂಬಿತ್ತು. ನಾನು ಅದನ್ನು ಅವರ ಹತ್ತಿರಕ್ಕೆ ಸರಿಸಿದೆ. ಇನ್ನೊಮ್ಮೆ ಬಡಿದರು. "ಖಾಲಿನ ಐತವ್ವ."

ಕಣ್ಣು ತೆರೆದು ಲೋಟದೊಳಗೆ ನೋಡಿದರು. ಕಾರ್ಖಾನೆಯ ಗದ್ದಲ ಅವರ ಕಿವಿಯನ್ನು ಯಾವಾಗಿನಿಂದ ತಿನ್ನುತ್ತಿತ್ತೋ, ಅವರಿಗೂ ಗೊತ್ತಿರಲಿಲ್ಲ.

"ಇವತ್ತಿನ ರಾಶಿ ನಾನ ಬಡದು ಬಿಟ್ಟೇನಿ," ಅಂದರು. "ಬಸು ಈಗ ಭಟ್ಟಿ ಮುಂದ ಅದಾನ."

ಚಪ್ಪಲಿ ಮೆಟ್ಟದೆ ಹೊರಟುಹೋದರು.

ಅಲ್ಲಿ ನಡೆದದ್ದನ್ನು ಆಮೇಲೆ ಬಸವರಾಜನೇ ಹೇಳಿದ. ಕಾಕಾ ಒಳಗೆ ಬಂದವರೇ "ನೀರು" ಎಂದು ಕೂಗಿದರು. ಎಲ್ಲರೂ ಓಡಿ ಹೋಗಿ ಮಳೆಯಲ್ಲಿ ನಿಂತರು. ಭಟ್ಟಿ ಸಿಡಿಯಲಿಲ್ಲ. ಅವರು ಹೊರಗೇ ಕಾಯುತ್ತ ನಿಂತಿರಲು, ನೋಡಿಕೊಳ್ಳುವವರಿಲ್ಲದೆ ಭಟ್ಟಿ ಆರಿ, ಒಳಗಿನ ಕಬ್ಬಿಣ ಅಲ್ಲೇ ಹೆಪ್ಪುಗಟ್ಟಿ ಕೆಟ್ಟಿತು. ಉಳಿದ ರಾಶಿ ಕೆದಕಿ ನೋಡಿದರೆ ಬಾಯಿ ಮುಚ್ಚಿದ ಪೈಪು ಒಂದೂ ಸಿಗಲಿಲ್ಲ. ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆದಾರ, ಕಾಕಾ ಅವರನ್ನು ಗೇಟಿನ ಹೊರಗೆ ಹಾಕಿದ. ಅವರ ಜಾಗಕ್ಕೆ ಬೇರೆಯವರನ್ನು ಇಡಲಿಲ್ಲ. ನೂಕುವವರೇ ಒಂದು ಸಲ ನೋಡಿ ನೂಕಿದರೆ ಸಾಕು ಅಂದ.

ಈಗ ಪಾಳಿಯವರು ಭಟ್ಟಿಯ ಪಕ್ಕದಲ್ಲೇ ತಮಾಷೆಗೆ "ಏ, ನೀರು ಬಂತಲೇ" ಎಂದು ಕೂಗುತ್ತಾರಂತೆ. ಯಾರೂ ತಿರುಗಿ ಸಹ ನೋಡುವುದಿಲ್ಲವಂತೆ. ಇದನ್ನು ಹೇಳುವಾಗ ಬಸವರಾಜನೂ ನಕ್ಕ. ಕೆಲಸ ಬಿಡು ಎಂದು ಕಾಕಾ ಅವನಿಗೆ ದಿನಾ ಹೇಳಿದರು, ಕೊನೆಗೆ ಕೈ ಮುಗಿದೂ ಹೇಳಿದರು.

"ಯಪ್ಪಾ, ನಿನ್ನ ಕಿವಿ ಹೋದ್ರ ನಾ ಕೆಲಸ ಬಿಡಬೇಕೇನು?" ಅಂದ ಅವನು.

ಕಾಕಾ ತಿಳವಳ್ಳಿಗೆ, ತಮ್ಮ ಅಣ್ಣನ ಮನೆಗೆ ಹೊರಟರು. ದಿನಾ ಪಾಳಿಯ ಹೊತ್ತಿಗೆ ಮಗ ಹೊಸ್ತಿಲು ದಾಟುವುದನ್ನು ನೋಡಲಾಗುವುದಿಲ್ಲ ಎಂದು ಅವ್ವನ ಹತ್ತಿರ ಹೇಳಿದ್ದರಂತೆ. ಬಸ್ ಸ್ಟ್ಯಾಂಡಿನ ತನಕ ಅವರ ಚೀಲ ನಾನು ಹಿಡಿದುಕೊಂಡು ಹೋದೆ. ಸಂಜೆಯ ಬಸ್ಸು ಬಂದಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು, ಕಿವಿ ಕೇಳದವರ ಎತ್ತರದ ದನಿಯಲ್ಲಿ ಹೇಳಿದರು:

"ಆ ಮಾತನ್ನ ನಾವೆಲ್ಲಾರೂ ಇಷ್ಟು ವರ್ಷ ಕೂಡಿಟ್ಟಿದ್ವಿ, ಮಗಳ. ನಾ ಒಬ್ಬಾಂವ ಖರ್ಚ ಮಾಡಿ ಹೊಂಟೇನಿ."

ಸುತ್ತಲಿದ್ದವರು ತಿರುಗಿ ನೋಡಿದರು. ಆಮೇಲೆ ನಾನು ಕಾಕಾ ಅವರನ್ನು ನೋಡಿಲ್ಲ.

ಮರುದಿನ ಬೆಳಿಗ್ಗೆಯೂ ಮಳೆ ಬಿಟ್ಟಿರಲಿಲ್ಲ. ಪಾಳಿಗೆ ಹೊರಟ ಬಸವರಾಜ ನಮ್ಮ ಬಾಗಿಲಲ್ಲಿ ನಿಂತು, ಬಾಟಲಿ ಚಾಚಿ, "ಅಕ್ಕಾ, ಒಂದೀಟ ನೀರು ಹಾಕು" ಅಂದ. ನಾನು ತುಂಬಿಸಿ ತಂದೆ. ಅವನು ಬಾಟಲಿಗೆ ಕೈ ಹಾಕಿದ.

"ತಂಪು ಅನ್ನು," ಅಂದೆ.

ಅವನು ಅನ್ನುವವರೆಗೂ ಬಾಟಲಿ ಬಿಡಲಿಲ್ಲ.